ಕರೆಂಟ್ ಗಾಡಿ ಹೂಡಿ ನೋಡಿದ್ದು

ಕೊಟ್ಟೂರಿನಲ್ಲಿ ವೈರು ಇರುವ ಯಾವ ವಸ್ತು ಕೊಳ್ಳುವುದಾದರೂ ಜನ ಮೊದಲು ನನ್ನ ಅಂಗಡಿಗೆ ಬರುತ್ತಾರೆ. ನಾನು ಅವರಿಗೆ ಏನನ್ನೂ ಮಾರುವವನಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಕೂತು ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ಆದರೂ ಯಾವ ಮಿಕ್ಸಿ ತಗೊಳ್ಳಲಿ, ಯಾವ ಮೊಬೈಲು ಗಟ್ಟಿ, ಯುಪಿಎಸ್ ಮೇಲೋ ಎಮರ್ಜೆನ್ಸಿ ಲೈಟು ಮೇಲೋ ಎಂದು ಕೇಳಲು ಹಡಗಲಿ, ಹರಪನಹಳ್ಳಿಯಿಂದಲೂ ಬರುತ್ತಾರೆ. 'ಅಸ್ಲಂ ಹೂಂ ಅಂದ್ರ ಆತು' ಎಂಬ ಮಾತೇ ಹುಟ್ಟಿಕೊಂಡಿದೆ. ನಾನೂ ಗತ್ತಿನಿಂದ ವಸ್ತುವನ್ನು ಕೈಯಲ್ಲಿ ತಿರುಗಿಸಿ ನೋಡುತ್ತೇನೆ, ಸ್ಕ್ರೂ ಬಿಚ್ಚಿ ಒಳಗೆ ಇಣುಕುತ್ತೇನೆ, ಎಷ್ಟು ವ್ಯಾಟು ಎಂದು ಓದುತ್ತೇನೆ, ಹೆಚ್ಚು ವ್ಯಾಟಿನದನ್ನೇ ತಗೊಳ್ಳಿ ಎನ್ನುತ್ತೇನೆ. ಈ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ಕೌಸರ್ ಹುಬ್ಬು ಗಂಟಿಕ್ಕುತ್ತಾಳೆ. ನಮ್ಮ ಮನೆಗೂ ಓಣಿಗೇ ದೊಡ್ಡದಾದ ಮಿಕ್ಸಿ ತಂದಿದ್ದೆ. ಎರಡು ಹಿಡಿ ಶೇಂಗಾ ಚಟ್ನಿಗೆ ಅದರ ಬ್ಲೇಡು ತಗಲುವುದೇ ಇಲ್ಲ. ಅವಳು ಈಗಲೂ ಕಲ್ಲಿನಲ್ಲೇ ಅರೆಯುತ್ತಾಳೆ. ಮನೆಯ ಮಾತು ಬಿಡಿ.

ನಾನು ಹೇಳಹೊರಟದ್ದು ಎರಡು ಸಾವಿರದ ಎಂಟನೇ ಇಸವಿಯ ನವೆಂಬರಿನ ಸಂಗತಿ. ಹೊಸಪೇಟೆಯ ಒಬ್ಬ ವ್ಯಾಪಾರಿ ಕರೆಂಟಿನಿಂದ ಓಡುವ ಒಂದು ಸ್ಕೂಟರ್ ತಂದು ನನ್ನ ಅಂಗಡಿ ಮುಂದೆ ಇಳಿಸಿದ. "ಹತ್ತು ದಿನ ಇಟ್ಕಳ್ರಿ, ಮಂದಿ ನೋಡ್ಲಿ. ಯಾರೂ ಬ್ಯಾಡಂದ್ರ ಮೂವತ್ತನೇ ತಾರೀಖಿಗೆ ಒಯ್ತೀನಿ" ಎಂದು ಹೇಳಿ ಹೋದ.

ಅವತ್ತು ನನಗೆ ಊಟದ ನೆನಪೇ ಆಗಲಿಲ್ಲ. ಸೀಟು ಎತ್ತಿದರೆ ಟ್ಯಾಂಕಿಲ್ಲ. ಕಾಲಿಡುವ ಹಲಗೆಯ ಕೆಳಗೆ ನಾಲ್ಕು ಬ್ಯಾಟರಿಗಳು ಒತ್ತೊತ್ತಾಗಿ ಕೂತಿವೆ. ಎಂಜಿನ್ ಹುಡುಕಿದೆ, ಅದೂ ಇಲ್ಲ. ಹಿಂದಿನ ಚಕ್ರದ ಹೊಟ್ಟೆಯೊಳಗೇ ಮೋಟಾರು ಇದೆ. ಗೇರಿಲ್ಲ, ಕಿಕ್ಕರ್ ಇಲ್ಲ, ಸೈಲೆನ್ಸರ್ ಇಲ್ಲ. ಇಪ್ಪತ್ತು ವರ್ಷ ಬೋರ್‌ವೆಲ್ ಮೋಟಾರುಗಳ ಕರುಳು ತೆಗೆದು ಹಾಕಿದ ನನಗೆ, ಮೋಟಾರೇ ಚಕ್ರವಾಗಿ ಓಡುವುದನ್ನು ನೋಡಿ ಖುಷಿಯಾಯಿತು. ಇದು ನನಗೇ ಯಾಕೆ ಹೊಳೆಯಲಿಲ್ಲ ಎಂದು ಸಿಟ್ಟೂ ಬಂತು. ಕೀಲಿ ತಿರುಗಿಸಿ ಕಿವಿಯಿಟ್ಟೆ. ಸದ್ದೇ ಇಲ್ಲ. ಇನ್ನೂ ಚಾಲೂ ಆಗಿಲ್ಲ ಎಂದುಕೊಂಡು ಹಿಡಿಕೆ ತಿರುವಿದೆ. ಗಾಡಿ ಎದುರಿನ ಚಹಾದಂಗಡಿಯ ಬೆಂಚಿಗೆ ಹೋಗಿ ಬಡಿಯಿತು. ಬೆಂಚಿನ ಮೇಲಿದ್ದವರು ಚಹಾ ಚೆಲ್ಲಿಕೊಂಡೇ ನಕ್ಕರು.

ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಜೋರಾಗಿ ಓಡದ ಕಾರಣ ಅದಕ್ಕೆ ಲೈಸೆನ್ಸು ಬೇಡ, ನಂಬರ್ ಪ್ಲೇಟೂ ಬೇಡ. ಒಮ್ಮೆ ಚಾರ್ಜ್ ಮಾಡಿದರೆ ಅರವತ್ತು ಕಿಲೋಮೀಟರ್ ಎಂದು ಜೊತೆಗಿದ್ದ ಕಾಗದದಲ್ಲಿ ಅಚ್ಚಾಗಿತ್ತು. ಅಚ್ಚಾದದ್ದನ್ನೆಲ್ಲ ನಂಬುವ ವಯಸ್ಸು ನನ್ನದಲ್ಲ. ನಿಜವಾಗಿ ಎಲ್ಲಿ ನಿಲ್ಲುತ್ತದೋ ನೋಡಬೇಕು ಎಂಬ ಹುಳ ಅವತ್ತೇ ತಲೆಗೆ ಹೊಕ್ಕಿತು.

ಮೂರನೇ ದಿನ ದೊಡ್ಡಬೀರಪ್ಪ ಬಂದ. ಕೊಟ್ಟೂರಿನಿಂದ ಆರು ಕಿಲೋಮೀಟರ್ ದೂರದ ಬನ್ನಿಹಟ್ಟಿಯವನು. ಒಂದು ಹಿಂಡು ಕುರಿ, ಎರಡು ಜೊತೆ ಎತ್ತು, ಹೆಗಲ ಮೇಲೆ ಕಂಬಳಿ. ಅವನ ಬೋರಿನ ಮೋಟಾರು ನನ್ನ ಕೈಯಲ್ಲಿ ನಾಲ್ಕು ಸಲ ಹುಟ್ಟಿದೆ, ಹಾಗಾಗಿ ನನಗೆ ಅವನು ಬೀರಪ್ಪಣ್ಣ. ಜೊತೆಗೆ ಮಗಳು ಭೂಮಿಕಾ ಇದ್ದಳು. ಇಪ್ಪತ್ತಮೂರು ವರ್ಷ. ಮಗುವಾಗಿದ್ದಾಗ ಪೋಲಿಯೋ ಆಗಿ ಬಲಗಾಲು ಸಣ್ಣದು; ಮೊಣಕಾಲನ್ನು ಕೈಯಿಂದ ಒತ್ತಿಕೊಂಡು ಹೆಜ್ಜೆ ಇಡುತ್ತಾಳೆ.

ಬನ್ನಿಹಟ್ಟಿ ಸುತ್ತಿನ ಏಳು ಊರುಗಳ ಕರೆಂಟ್ ಮೀಟರ್ ಓದುವುದು ಅವಳ ಕೆಲಸ. 'ಗ್ರಾಮ ವಿದ್ಯುತ್ ಪ್ರತಿನಿಧಿ' ಎಂಬ ಕಾರ್ಡು ಕೊರಳಲ್ಲಿ. ಒಂದು ಕಾಲಕ್ಕೆ ಕುಂಟ ಭೂಮಿ ಎಂದು ಕರೆಸಿಕೊಂಡವಳನ್ನು ಈಗ ಏಳೂರಿನವರು ಮೀಟರ್ ಮೇಡಂ ಎನ್ನುತ್ತಾರೆ, ಅವಳು ಬಂದರೆ ಕಟ್ಟೆಯಿಂದ ಎದ್ದು ನಿಲ್ಲುತ್ತಾರೆ. ಆ ಕೆಲಸದ ಮೇಲೆ ಅವಳಿಗೆ ಜೀವ. ಆದರೆ ಪ್ರತಿ ತಿಂಗಳು ಒಂದರಿಂದ ಹತ್ತನೇ ತಾರೀಖಿನೊಳಗೆ ಏಳೂ ಊರು ಮುಗಿಯಬೇಕು. ಬಸ್ಸು ದೊಡ್ಡ ರಸ್ತೆಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಒಳಗೆ ಮೂರು ನಾಲ್ಕು ಕಿಲೋಮೀಟರ್ ನಡೆಯಬೇಕು. ಒಂದು ಊರು ಮುಗಿಸಿ ಬಂದರೆ ಕಾಲು ಬಾತು ಮರುದಿನ ಮಲಗಬೇಕು. ಹೀಗೆ ಏಳು ಊರಿಗೆ ಹದಿನಾಲ್ಕು ದಿನ ಹಿಡಿಯುತ್ತಿತ್ತು. ಎರಡು ತಿಂಗಳು ತಡವಾಗಿದ್ದಕ್ಕೆ ಆಫೀಸಿನವರು, ಡಿಸೆಂಬರ್ ಹತ್ತರೊಳಗೆ ಮುಗಿಯದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಅವರದೂ ತಪ್ಪು ಎನ್ನಲಾಗದು.

ಪೆಟ್ರೋಲ್ ಸ್ಕೂಟರಿನ ಮಾತು ನಾನೇ ಎತ್ತಿದೆ. ಅದರ ಭಾರವನ್ನು ಆ ಕಾಲು ತಡೆಯುವುದಿಲ್ಲ, ಸ್ಟ್ಯಾಂಡ್ ಹಾಕುವುದಾಗುವುದಿಲ್ಲ ಎಂದಳು. ಲೈಸೆನ್ಸಿಗೆಂದು ಒಮ್ಮೆ ಹೋಗಿದ್ದಾಗ ಕಾಲು ನೋಡಿಯೇ ಬೇಡ ಎಂದಿದ್ದರಂತೆ. ಅಂದರೆ ಇದ್ದರೆ ಈ ಗಾಡಿ, ಇಲ್ಲದಿದ್ದರೆ ಮನೆ.

ನಾನು ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ಗುಣ, ಬಲಕ್ಕೆ ಅವಗುಣ. ಹಗುರ, ಒದೆಯಬೇಕಿಲ್ಲ, ಗೇರಿನ ರಗಳೆಯಿಲ್ಲ ಎಂದು ಎಡಕ್ಕೆ ಬರೆದೆ. ಬಲಕ್ಕೆ ಬರೆಯುವಾಗ ಕೈ ಓಡಿತು. ಹೊಟ್ಟೆ ತುಂಬಲು ಎಂಟು ತಾಸು ಚಾರ್ಜು ಬೇಕು, ನಮ್ಮ ಹಳ್ಳಿಗಳಲ್ಲಿ ಎಂಟು ತಾಸು ಕರೆಂಟು ಒಟ್ಟಿಗೆ ಕಂಡವರಾರು? ಬ್ಯಾಟರಿ ಹದಿನೆಂಟು ತಿಂಗಳಿಗೆ ಮುದುಕಾಗುತ್ತದೆ. ನಡುದಾರಿಯಲ್ಲಿ ಖಾಲಿಯಾದರೆ ಬಾಟಲಿಯಲ್ಲಿ ತಂದು ಸುರಿಯಲು ಅದು ಪೆಟ್ರೋಲಲ್ಲ.

"ಕಾಕಾ, ನಾನೊಂದು ಮಾತು…" ಎಂದಳು ಭೂಮಿಕಾ.

"ತಡಿಯವ್ವಾ, ದೊಡ್ಡೋರು ಮಾತಾಡಾಕತ್ತೀವಿ" ಎಂದ ದೊಡ್ಡಬೀರಪ್ಪ. ನನ್ನ ಹಾಳೆಯನ್ನು ಒಂದು ಕ್ಷಣ ನೋಡಿ ಪಕ್ಕಕ್ಕೆ ಸರಿಸಿದ. "ಕಾಗದ ನೋಡಿ ಯಾರರ ಎತ್ತು ತಗಂತಾರೇನಪ? ಹೂಡಿ ನೋಡಬೇಕು."

ಎದ್ದು ಗಾಡಿಯ ಸುತ್ತ ಮೂರು ಸಲ ಬಂದ. ಹಿಂದಿನಿಂದ ನೋಡಿದ, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ, ಸೀಟಿನ ಮೇಲೆ ಅಂಗೈ ಸವರಿದ.

"ಏನ್ ಹುಡುಕ್ತಿ ಬೀರಪ್ಪಣ್ಣ? ಎತ್ತಿನ ಮೈಮ್ಯಾಲೆ ನೋಡಿದಂಗ ಸುಳಿ ಏನರ ನೋಡ್ತೀಯೇನು?" ಎಂದು ಚೇಷ್ಟೆ ಮಾಡಿದೆ.

"ಸುಳಿ ಇಲ್ಲದ್ದು ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ" ಎಂದು ಗಂಭೀರವಾಗಿಯೇ ಹೇಳಿದ. "ಇದರ ವಯಸ್ಸೆಷ್ಟು ಅಂತ ಹಲ್ಲು ನೋಡಿ ಹೇಳಾಕ ಬರಾದಿಲ್ಲ. ಮೇವು ಕರೆಂಟು. ಅದಕ್ಕ ನಮ್ಮೂರಾಗ ಯಾವಾಗಲೂ ಬರ. ನೀಲಗುಂದದಿಂದ ಎತ್ತು ತಂದಾಗ ಮೂರು ದಿನ ನನ್ನ ಹೊಲದಾಗ ಹೂಡಿ, ಮಲಗೋತನಕ ದುಡಿಸಿ, ಆಮ್ಯಾಲೆ ಹೂಂ ಅಂದಿದ್ದೆ. ಮಗಳ್ನ ನಡುದಾರ್ಯಾಗ ಕೆಡುವೋ ಎತ್ತು ನನಗ ಬ್ಯಾಡ. ಮೂರು ದಿನ ಕೊಡು."

ಭಾನುವಾರ, ಸೋಮವಾರ, ಮಂಗಳವಾರ ಎಂದು ಗೊತ್ತಾಯಿತು. ಗಾಡಿಯನ್ನು ಬನ್ನಿಹಟ್ಟಿಗೆ ಕಳಿಸಿದೆ. ಪರೀಕ್ಷೆಗೆ ನಾನೂ ಬರುತ್ತೇನೆ ಎಂದೆ. ಭೂಮಿಕಾಳ ಮೇಲಿನ ಕಾಳಜಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ಎಷ್ಟು ದೂರ ಓಡಿ ಸಾಯುತ್ತದೆ ಎಂದು ನನ್ನ ಕಣ್ಣಿಂದ ನೋಡಬೇಕಿತ್ತು, ಅಷ್ಟೇ.

ಭಾನುವಾರ ನನ್ನ ಹಳೇ ಮೊಪೆಡ್ ಏರಿ ಹೋದಾಗ ಭೂಮಿಕಾ ಅಂಗಳದಲ್ಲಿ ಆಗಲೇ ಓಡಿಸುವುದನ್ನು ಕಲಿತಿದ್ದಳು. ಅವಳ ಮುಖದಲ್ಲಿ ಅಂಥ ಕಳೆ ನಾನು ಹಿಂದೆ ಕಂಡಿರಲಿಲ್ಲ. ಎರಡು ಕಾಲನ್ನೂ ಹಲಗೆಯ ಮೇಲೆ ಇಟ್ಟು ಕೂತರೆ ಯಾವ ಕಾಲು ಸಣ್ಣದು ಎಂದು ಗೊತ್ತೇ ಆಗುತ್ತಿರಲಿಲ್ಲ. ಅಜ್ಜಿ ಓಬಮ್ಮ ಗಾಡಿಗೆ ದೃಷ್ಟಿ ತೆಗೆದು, "ಉಸುರು ಇಲ್ಲದಂಗ ಓಡ್ತೈತಲ್ಲೋ" ಎಂದು ಬೆರಗಾಗಿ ನಿಂತಿದ್ದಳು.

ಅವತ್ತಿನದು ಏರಿನ ಪರೀಕ್ಷೆ. ಬನ್ನಿಹಟ್ಟಿಯ ಹೊರಗೆ ಕೆರೆಯ ಏರಿಗೆ ಹತ್ತುವ ದಾರಿ ಕಡಿದಾಗಿದೆ. ಹೊಸ ಎತ್ತಿಗೆ ಬಂಡಿ ತುಂಬ ಹೇರು ಹಾಕಿ ಹತ್ತಿಸಿ ನೋಡುವುದು ಅಲ್ಲೇ. ದೊಡ್ಡಬೀರಪ್ಪ ಮಗಳ ಕಾಲ ಬಳಿ ಜೋಳದ ಚೀಲ ಇಟ್ಟು, ತಾನು ಹಿಂದೆ ಕೂತ. ಇದು ಎಪ್ಪತ್ತೈದು ಕಿಲೋಗಿಂತ ಹೆಚ್ಚು ಹೊರುವುದಿಲ್ಲ ಎಂದು ನಾನು ಕೂಗುತ್ತಲೇ ಇದ್ದೆ. "ಹೇರು ಹಾಕದ ಹೆಂಗ ಗೊತ್ತಾಗ್ತೈತಿ?" ಎಂದ. ಗಾಡಿ ಅರ್ಧ ಏರು ಹತ್ತಿ ನಿಧಾನಿಸಿತು, ನಿಂತಿತು, ಹಿಂದಕ್ಕೆ ಜಾರತೊಡಗಿತು. ನಾನು ಓಡಿ ಹೋಗಿ ಬೆನ್ನು ಕೊಟ್ಟೆ. ಇಲ್ಲದಿದ್ದರೆ ಅಪ್ಪ, ಮಗಳು, ಗಾಡಿ ಮೂರೂ ತಗ್ಗಿಗೇ.

"ಲೇ ಬೀರಪ್ಪಣ್ಣ, ಬುದ್ಧಿ ಗಿದ್ದಿ ಐತೋ ಇಲ್ಲೋ? ಒಬ್ಬರು ಕುಂದ್ರೋ ಗಾಡಿ ಇದು!" ಎಂದು ರೇಗಿದೆ.

ಅವನು ಇಳಿದು ಚೀಲವನ್ನು ಹೆಗಲಿಗೆ ಹಾಕಿಕೊಂಡ. ಭೂಮಿಕಾ ಒಬ್ಬಳೇ ತಿರುವಿದಳು. ಗಾಡಿ ಕುಂಯ್ ಎನ್ನದೆ ಏರಿ ಹತ್ತಿ ಮೇಲೆ ನಿಂತಿತು.

"ಹಂಗಾರ ಇಕಿ ಜೋಡಿ ಯಾರೂ ಕುಂದ್ರಂಗಿಲ್ಲ" ಎಂದು ದೊಡ್ಡಬೀರಪ್ಪ ಚಿಂತೆಯಿಂದ ನನ್ನನ್ನು ನೋಡಿದ. "ಬರಕೊ, ಅದನ್ನೂ ಬಲಕ್ಕ ಬರಕೊ."

ನಾನು ಬರೆದುಕೊಂಡೆ. ಮೇಲಿನಿಂದ ಇಳಿದು ಬಂದ ಭೂಮಿಕಾ ಹಾಳೆ ಇಣುಕಿ ನೋಡಿದಳು. "ಹಿಂದ ಯಾರೂ ಕುಂದ್ರಂಗಿಲ್ಲ ಅನ್ನಾದು ಅವಗುಣ ಅಲ್ಲ ಕಾಕಾ, ಎಡಕ್ಕ ಬರೀರಿ" ಎಂದು ಮೆಲ್ಲಗೆ ಹೇಳಿ ನಕ್ಕಳು. ಮನೆಯಿಂದ ಹೊರಟರೆ ತಮ್ಮನೋ ಚಿಕ್ಕಪ್ಪನೋ ಜೊತೆಗೆ ಬಂದು, ಪ್ರತಿ ಮನೆಯ ಮುಂದೆ ಬೇಗ ಬಾ ಬೇಗ ಬಾ ಎಂದು ಅವಸರ ಮಾಡುತ್ತಿದ್ದರಂತೆ. ನಾನು ಬಲಕ್ಕೆ ಬರೆದದ್ದನ್ನು ಹೊಡೆದುಹಾಕಲಿಲ್ಲ. ಅವಳ ಅಪ್ಪ ನೋಡುತ್ತಿದ್ದ.

ಸೋಮವಾರ ನಾನು ಬೆಳಿಗ್ಗೆಯೇ ಹೋದರೆ ಗಾಡಿ ಹೊರಗೇ ಬಂದಿರಲಿಲ್ಲ. ಎತ್ತಿನ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ ನಿಂತಿತ್ತು. ಹಣೆಗೆ ವಿಭೂತಿ ಬೇರೆ.

"ಇವತ್ತು ಹೂಡಂಗಿಲ್ಲ. ಸೋಮಾರ" ಎಂದ ದೊಡ್ಡಬೀರಪ್ಪ.

ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಎಂಬುದು ನನಗೂ ಗೊತ್ತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಬ್ಬಿಣಕ್ಕೆ ಎಂಥ ಸೋಮವಾರ? ಹತ್ತೇ ದಿನಕ್ಕೆ ಸಿಕ್ಕ ಗಾಡಿ, ಅದರಲ್ಲಿ ಒಂದು ದಿನ ಹಾಳಾಯಿತಲ್ಲ ಎಂದು ಕೂಗಾಡಿದೆ. ಅವನು ಎತ್ತಿಗೆ ಮೇವು ಹಾಕುತ್ತ, "ದುಡಿಯೋದಕ್ಕ ಒಂದಿನ ಬಿಡುವು ಕೊಡಬೇಕಪ" ಎಂದಷ್ಟೇ ಹೇಳಿದ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಎಂಬಂತಾಯಿತು ನಮ್ಮಿಬ್ಬರ ಪಾಡು.

ಬಂದದ್ದಂತೂ ಆಯಿತು ಎಂದು ಚಾರ್ಜರಿನ ಮುಂದೆ ಕೂತೆ. ಅದರಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಹೊಟ್ಟೆ ತುಂಬಿದರೆ ಹಸಿರಾಗುತ್ತದೆ.

"ಈಗ ಹನ್ನೊಂದಕ್ಕ ಹೋಗ್ತೈತಿ ಕಾಕಾ, ಎರಡೂವರಿಗೆ ಬರ್ತೈತಿ. ಮತ್ತ ಆರಕ್ಕ ಹೋಗಿ ಎಂಟಕ್ಕ ಬಂದ್ರ ಹನ್ನೆರಡರ ತನಕ ಇರ್ತೈತಿ" ಎಂದಳು ಭೂಮಿಕಾ. ಹನ್ನೊಂದು ಹೊಡೆಯಿತು, ದೀಪ ಆರಿತು. ಏಳೂ ಊರಿನ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದೆಲ್ಲ ಅವಳ ಬಾಯಲ್ಲಿತ್ತು. ಎಂಟು ತಾಸು ಒಟ್ಟಿಗೇ ಸಿಗಬೇಕಿಲ್ಲ, ತುಂಡು ತುಂಡಾಗಿ ಸಿಕ್ಕರೂ ಹೊಟ್ಟೆ ತುಂಬುತ್ತದಲ್ಲ ಎಂದು ಕೇಳಿದಳು. ಹೂಂ, ತುಂಬುತ್ತದೆ ಎಂದೆ. ಇದು ನನ್ನ ಹಾಳೆಯಲ್ಲಿ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಹೋದಾಗ ದೀಪ ಹಸಿರಾಗಿತ್ತು. ಬಸವಣ್ಣನ ರಜೆಯ ದೆಸೆಯಿಂದಲೇ ಅದರ ಹೊಟ್ಟೆ ಪೂರ್ತಿ ತುಂಬಿದ್ದು ಎಂದು ಬಾಯಿಬಿಟ್ಟು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಮಂಗಳವಾರದ್ದೇ ನಿಜವಾದ ಪರೀಕ್ಷೆ. ಏಳೂ ಊರನ್ನು ಒಂದೇ ದಿನ ಸುತ್ತಬೇಕು ಎಂದು ದೊಡ್ಡಬೀರಪ್ಪ ಹೇಳಿದ. ನಲವತ್ತನಾಲ್ಕು ಕಿಲೋಮೀಟರ್. ನಾನು ತಕ್ಷಣ ಸರಿ ಎಂದೆ, ನನಗೆ ಬೇಕಾಗಿದ್ದೂ ಅದೇ.

"ಅಪ್ಪ, ಏಳೂ ಊರು ಯಾಕ…" ಎಂದು ಭೂಮಿಕಾ ಶುರುಮಾಡಿದಳು.

"ಪರೀಕ್ಷಿ ಅಂದ್ಮ್ಯಾಲೆ ಪೂರಾ ಆಗಬೇಕವ್ವಾ, ಸುಮ್ನಿರು."

"ಹೂಂ, ಪೂರಾ ಆಗಲಿ" ಎಂದೆ ನಾನೂ.

ಮುಂದೆ ಭೂಮಿಕಾ, ಹಿಂದೆ ಮೊಪೆಡ್ಡಿನಲ್ಲಿ ನಾನು, ನನ್ನ ಬೆನ್ನಿಗೆ ದೊಡ್ಡಬೀರಪ್ಪ. ಮೊಪೆಡ್ಡು ಡಬಡಬ ಎಂದು ಊರಿಗೆಲ್ಲ ಸಾರುತ್ತ ಹೋದರೆ ಅವಳು ಗಾಳಿಯ ಹಾಗೆ ಹೋಗುತ್ತಿದ್ದಳು. ಪ್ರತಿ ಊರಿನ ಅಂಚಿನಲ್ಲೂ ನಾಯಿಗಳು ಎದ್ದು ನನ್ನ ಹಿಂದೆಯೇ ಬಂದವು. ಅವಳನ್ನು ಒಂದೂ ತಿರುಗಿ ನೋಡಲಿಲ್ಲ. ನಡೆದು ಹೋಗುತ್ತಿದ್ದಾಗ ನಾಯಿಗಳದ್ದೇ ದೊಡ್ಡ ಭಯ ಅವಳಿಗೆ, ಓಡಲು ಬರುವುದಿಲ್ಲವಲ್ಲ. ಗಜ್ಜಲಹಟ್ಟಿಯ ಹತ್ತಿರ ಮ್ಯಾಸಬೇಡ್ರ ಕುರಿ ಹಿಂಡೊಂದು ರಸ್ತೆ ತುಂಬ ನಿಂತಿತ್ತು. ಸದ್ದು ಕೇಳದೆ ಒಂದು ಕುರಿಯೂ ಸರಿಯಲಿಲ್ಲ. ಹಾರ್ನ್ ಒತ್ತಿದಾಗ ಒಮ್ಮೆಲೇ ಬೆದರಿ ದಿಕ್ಕಾಪಾಲಾದವು. "ಕುರಿಗೆ ಗೊತ್ತಾಗದಂಗ ಬರೋದು ತೋಳ" ಎಂದು ದೊಡ್ಡಬೀರಪ್ಪ ನನ್ನ ಕಿವಿಯಲ್ಲಿ ಗೊಣಗಿದ. ಅದನ್ನು ಎಡಕ್ಕೆ ಬರೆಯಲೋ ಬಲಕ್ಕೋ ತಿಳಿಯಲಿಲ್ಲ. ನಾಯಿಗೆ ಗುಣ, ಕುರಿಗೆ ಅವಗುಣ.

ಇಪ್ಪತ್ತು ದಾಟಿತು, ಮೂವತ್ತು ದಾಟಿತು. ನಾನು ಪ್ರತಿ ಕಿಲೋಮೀಟರಿಗೂ ಮೊಪೆಡ್ಡಿನ ಮೀಟರ್ ನೋಡುತ್ತಿದ್ದೆ. ಮೂವತ್ತೈದಕ್ಕೆ ವೇಗ ಇಳಿಯಿತು. ಮೂವತ್ತೇಳಕ್ಕೆ, ಆರನೇ ಊರಾದ ಚೌಡನಗುಡ್ಡದ ಬೇವಿನ ಕಟ್ಟೆಯ ಮುಂದೆ, ಕರೆಂಟ್ ಗಾಡಿ ನಿಂತುಬಿಟ್ಟಿತು. ಅರವತ್ತು ಎಂದು ಅಚ್ಚು ಹಾಕಿದವರ ಸುಳ್ಳು ಸಿಕ್ಕಿಬಿತ್ತೆಂದು ನನಗೆ ಒಳಗೊಳಗೇ ಸಂಭ್ರಮವಾಯಿತು. "ಮೂವತ್ತೇಳು!" ಎಂದು ಕೂಗಿಯೇ ಬಿಟ್ಟೆ. ಆಮೇಲೆ ಭೂಮಿಕಾಳ ಮುಖ ನೋಡಿದೆ.

ಕಟ್ಟೆಯ ಎದುರಿನ ಮನೆಯಿಂದ ಪಾಲಮ್ಮ ಎಂಬ ಹೆಂಗಸು ಹೊರಗೆ ಬಂದಳು. ವಯಸ್ಸಾದವಳು, ಬಾಯಿ ತುಂಬ ಎಲೆಯಡಿಕೆ. "ಮೀಟರ್ ಮೇಡಮ್ಮೋರು! ಹೊಸಾ ಗಾಡಿ ತಗಂಡ್ರೇನವ್ವಾ?" ಎಂದು ನೀರು ತಂದು ಕೊಟ್ಟಳು. ಸಂಗತಿ ತಿಳಿದು, "ಕರೆಂಟ್ ತಾನೆ? ನಮ್ಮನ್ಯಾಗ ಐತಲ್ಲ, ಈ ಹೊತ್ತಿಗೆ ಇರ್ತೈತಿ. ಚುಚ್ಚವ್ವಾ, ಒಂದು ತಾಸು ಕುಂದ್ರು" ಎಂದಳು.

ನನಗೆ ಹೋದ ಜೀವ ಬಂದಂತಾಯಿತು. ಚಾರ್ಜರ್ ತೆಗೆದುಕೊಂಡು ಪಡಸಾಲೆಗೆ ನುಗ್ಗಿ, ಗೋಡೆಯ ಪ್ಲಗ್ಗಿಗೆ ಇನ್ನೇನು ಚುಚ್ಚಬೇಕು, "ಕಾಕಾ, ಬ್ಯಾಡ" ಎಂದಳು ಭೂಮಿಕಾ.

ಬಾಗಿಲಲ್ಲಿ ನಿಂತು ಅವಳು ಮೇಲೆ ತೋರಿಸಿದಳು. ಬಾಗಿಲ ಪಕ್ಕದ ಮೀಟರಿನ ಚಕ್ರ ಅಲುಗಾಡದೆ ನಿಂತಿತ್ತು, ಆದರೆ ಒಳಗೆ ಫ್ಯಾನು ತಿರುಗುತ್ತಿತ್ತು. ಬೀದಿಯ ಕಂಬದಿಂದ ಒಂದು ವೈರು ಕೊಕ್ಕೆ ಹಾಕಿಕೊಂಡು ಹೆಂಚಿನ ಸಂದಿನಿಂದ ಒಳಗೆ ಬಂದಿತ್ತು.

"ನಮ್ಮನಿ ಕರೆಂಟು ನಿನಗ ಆಗಂಗಿಲ್ಲೇನವ್ವಾ?" ಎಂದು ಪಾಲಮ್ಮ ನೊಂದು ಕೇಳಿದಳು.

"ನಿಮ್ಮನಿ ನೀರು ಕುಡದೀನಿ ದೊಡ್ಡವ್ವಾ, ಇನ್ನೊಂದು ತಂಬಿಗಿ ಕೊಟ್ರೂ ಕುಡೀತೀನಿ. ಇದು ನಿಮ್ಮನೀದಲ್ಲ, ಕಂಬದ್ದು. ಕೊಕ್ಕಿ ತೆಗೀರಿ ಅಂತ ಎರಡು ಸಲ ಹೇಳೀನಿ."

ಪಾಲಮ್ಮ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಸಿಟ್ಟು ಬಂತು. ಅರ್ಧ ಯೂನಿಟ್ಟು, ಅಷ್ಟಕ್ಕೆ ಇಷ್ಟು ದೊಡ್ಡ ಮಾತೇ? "ಬಾಜೂ ಮನ್ಯಾಗ ಮೀಟರ್ ಓಡ್ತೈತಿ, ಅಲ್ಲಿ ಚುಚ್ಚಾಣ ನಡಿ" ಎಂದೆ.

"ಅಲ್ಲೂ ಬ್ಯಾಡ ಕಾಕಾ. ಇವತ್ತು ಅವರ ಕರೆಂಟಿನ ಮ್ಯಾಲೆ ಓಡಿದ್ರ, ಒಂದನೇ ತಾರೀಖು ಅವರ ಮೀಟರ್ ಮುಂದ ನಿಂತು ನಾನೇನು ಓದ್ಲಿ? ಇಪ್ಪತ್ತು ಯೂನಿಟ್ ಕಡಿಮಿ ಬರಿಯವ್ವಾ ಅಂದ್ರ ಯಾವ ಬಾಯ್ಲೆ ಬ್ಯಾಡ ಅನ್ಲಿ?"

ನಾನು ಚಾರ್ಜರಿನ ವೈರು ಸುತ್ತಿಕೊಂಡು ಹೊರಗೆ ಬಂದೆ. ನಾಚಿಕೆಯಾಯಿತು. ಅದರ ಜೊತೆಗೇ ಲೆಕ್ಕವೂ ತಲೆಯಲ್ಲಿ ಓಡಿತು. ದಾರಿಯಲ್ಲಿ ಎಲ್ಲೂ ಚಾರ್ಜ್ ಮಾಡುವಂತಿಲ್ಲ ಎಂದಾದರೆ, ಮನೆಯಲ್ಲಿ ತುಂಬಿಸಿದ್ದಷ್ಟೇ ಅನ್ನ. ನಲವತ್ತನಾಲ್ಕಕ್ಕೆ ಮೂವತ್ತೇಳು ಸಾಲದು. ಹಾಳೆಯ ಬಲಬದಿಗೆ ಕೊನೆಯ ಸಾಲು ಬರೆದೆ.

ದೊಡ್ಡಬೀರಪ್ಪ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ಕಂಬಳಿ ಬಿಚ್ಚಿ ಮತ್ತೆ ಹೊದ್ದುಕೊಂಡ. ಮಗಳನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

"ಮಲಗ್ತು" ಎಂದ. "ಬ್ಯಾಡವ್ವಾ. ಒಯ್ಯಾಕ ಹೇಳೋಣ ಆ ಹೊಸಪೇಟಿಯವನಿಗೆ."

"ನಂದೂ ಅದ ಮಾತು" ಎಂದೆ. ಕೊಟ್ಟೂರಿನಲ್ಲಿ ನನ್ನ ಮಾತೆಂದರೆ ಮುಗಿಯಿತು.

ಭೂಮಿಕಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಗಾಡಿಯ ಸ್ಟ್ಯಾಂಡ್ ಹಾಕಿ, ಮೊಣಕಾಲು ಒತ್ತಿಕೊಂಡು ಬಂದು ನಮ್ಮಿಬ್ಬರ ಮುಂದೆ ನಿಂತಳು.

"ಏಳೂ ಊರು ಒಂದ ದಿನ ಸುತ್ತಬೇಕು ಅಂತ ನಿಮಗ ಯಾರು ಹೇಳಿದ್ರು?"

ದೊಡ್ಡಬೀರಪ್ಪ ನನ್ನ ಕಡೆ ಕೈ ತೋರಿಸಿದ, ನಾನು ಅವನ ಕಡೆ.

"ಪರೀಕ್ಷಿ ಅಂದ್ರ…" ಎಂದ ಅವಳ ಅಪ್ಪ.

"ನನಗ ಹತ್ತು ದಿನ ಐತಪ್ಪ. ಹತ್ತು ದಿನಕ್ಕ ಏಳು ಊರು. ದಿನಕ್ಕ ಒಂದ ಊರು ಓದಾಕ ಆಗೋದು, ಮುನ್ನೂರು ಮನಿ ಮೀಟರ್ ಓದಾದಂದ್ರ ಸುಮ್ನಾತೇನು? ಎಲ್ಲಾಕಿಂತ ದೂರ ಗಜ್ಜಲಹಟ್ಟಿ, ನಮ್ಮನಿಯಿಂದ ಒಂಬತ್ತು ಕಿಲೋಮೀಟ್ರು. ಹೋಗಿ ಬರಾಕ ಹದಿನೆಂಟು. ನನಗ ಬೇಕಾಗಿದ್ದು ಹದಿನೆಂಟು. ಇದು ಮೂವತ್ತೇಳು ಓಡೈತಿ. ಮುದುಕಾಗಿ ಅರ್ಧ ಆದ್ರೂ ನನ್ನ ಮನಿ ಮುಟ್ಟಸ್ತೈತಿ."

"ಹದಿನೆಂಟು ತಿಂಗಳಿಗೆ ಬ್ಯಾಟರಿ ಹೋಗ್ತೈತಲ್ಲವ್ವಾ" ಎಂದು ನಾನು ಎಲ್ಲೋ ನೋಡುತ್ತ ಹೇಳಿದೆ. ಸೋತವನ ಕೊನೆಯ ಹಟ ಅದು.

"ಹದಿನೆಂಟು ತಿಂಗಳ ಮಾತು ಹದಿನೆಂಟು ತಿಂಗಳಿಗೆ ಕಾಕಾ. ನನ್ನ ಕೆಲಸ ಹದಿನೈದು ದಿನದಾಗ ಹೋಗ್ತೈತಿ."

ಪಾಲಮ್ಮನ ಮನೆಯ ಫ್ಯಾನಿನ ಕಿರಕಿರ ಕಟ್ಟೆಯ ತನಕ ಕೇಳುತ್ತಿತ್ತು. ಇಷ್ಟು ವರ್ಷ ಯಾವುದು ದೊಡ್ಡದು, ಯಾವುದು ಜೋರು, ಯಾವುದು ಹೆಚ್ಚು ದೂರ ಎಂದು ಊರಿಗೆಲ್ಲ ಹೇಳುತ್ತ ಬಂದವನು ನಾನು. ನಿನಗೆ ಎಷ್ಟು ಬೇಕು ಎಂದು ಒಬ್ಬರನ್ನಾದರೂ ಕೇಳಿದ್ದೆನೇ ಎಂದು ನೆನಪು ಮಾಡಿಕೊಂಡೆ. ಒಬ್ಬರ ಮುಖವೂ ನೆನಪಾಗಲಿಲ್ಲ. ಹಾಳೆಯನ್ನು ಮಡಚಿ ಕಿಸೆಗೆ ಹಾಕಿದೆ.

"ಇದನ್ನ ಮದ್ಲ ಯಾಕ ಹೇಳಲಿಲ್ಲವ್ವಾ?" ಎಂದ ದೊಡ್ಡಬೀರಪ್ಪ. ಅವನ ದನಿ ಸಣ್ಣದಾಗಿತ್ತು.

"ಬಾಯಿ ತೆಗದಾಗೆಲ್ಲ ಸುಮ್ನಿರು ಅಂದ್ರಿ."

ಅವನು ಕಟ್ಟೆಯಿಂದ ಇಳಿದ. ಮಗಳ ಎದುರು ಬಂದು ನಿಂತ.

"ಗಾಡಿ ಇರ್ಲವ್ವಾ. ಇನ್ನೂ ಏನರ ಐತೇನು, ನಾನು ಸುಮ್ನಿರು ಅಂದಿದ್ದು?" ಎಂದು ಕೇಳಿದ.

ಭೂಮಿಕಾಳ ಕಣ್ಣಲ್ಲಿ ಆಗ ನೀರು ಬಂತು. ಇಷ್ಟು ಹೊತ್ತು ಬಂದಿರಲಿಲ್ಲ. ಸೆರಗಿನಿಂದ ಒರೆಸಿಕೊಂಡು, "ಐತಿ" ಎಂದಳು. "ಭಾಳ ಐತಿ."

"ಹೇಳು" ಎಂದು ಅಪ್ಪ ಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿದ. "ಕುಂತು ಹೇಳವ್ವಾ. ಕಾಲು ಬಾತೈತಿ."

ಅವಳು ಕೂತಳು. ನಾನು ಗಾಡಿಯನ್ನು ಹೇರಿಕೊಂಡು ಹೋಗಲು ಟ್ರ್ಯಾಕ್ಟರ್ ಯಾವುದಾದರೂ ಸಿಗುತ್ತದೆಯೇ ಎಂದು ನೋಡಲು ರಸ್ತೆಯ ಕಡೆ ಹೊರಟೆ. ಆ ಮಾತು ನಾನು ಕೇಳುವಂಥದ್ದಲ್ಲ.